ಬೆಳಗಾವಿಯಲ್ಲೊಂದು ಬಿಡಿಭಾಗದ ಪದ್ಮಿನಿ

ನಮ್ಮ ಪ್ರೀಮಿಯರ್ ಪದ್ಮಿನಿಗೆ ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಬೇಕಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯವರು "ಗಾಡಿ ಇನ್ನೂ ಓಡುತ್ತಾ ಸಾರ್?" ಎಂದು ಕನಿಕರ ತೋರಿಸಿದರೇ ಹೊರತು ಲಿವರ್ ತೋರಿಸಲಿಲ್ಲ. ಅಷ್ಟರಲ್ಲಿ ಬೆಳಗಾವಿಯಿಂದ ಬ್ರೋಕರೊಬ್ಬ ಫೋಟೊ ಕಳಿಸಿದ. ಹುಣಸೆಮರದಡಿ, ಟೈರಿಲ್ಲದೆ, ಮೈಮೇಲೆ ಕೋಳಿ ಕೂರಿಸಿಕೊಂಡ ಪದ್ಮಿನಿ! ವಧುವಿನ ಫೋಟೊದಂತೆ ಒಂದೇ ಮಗ್ಗುಲು. ಇನ್ನೊಂದು ಮಗ್ಗುಲು ಇದೆಯೋ ಇಲ್ಲವೋ ದೇವರೇ ಬಲ್ಲ.

"ಗೇರ್ ಲಿವರ್ ಐತೇನ್ರಿ?"

"ಬಂದ್ ನೋಡ್ರಲಾ ಸರ್ರ, ಕೋಳಿ ಬಿಟ್ಟು ಎಲ್ಲಾ ನಿಮ್ದ!"

ಹೋಗಲು 500 ಕಿಲೋಮೀಟರ್, ಬರಲು ಅಷ್ಟೇ. ಟೋಲು, ಟೆಂಪೊ ಬಾಡಿಗೆ, ಲಾಡ್ಜು, ಹಮಾಲಿ ಎಲ್ಲ ಕೂಡಿಸಿದೆ. ಹೆಂಡತಿ ಲೆಕ್ಕದ ಚೀಟಿಯನ್ನು ಕನ್ನಡಕ ಏರಿಸಿ ಓದಿದಳು. ಬೈಗುಳಕ್ಕೆ ಬೆನ್ನೊಡ್ಡಿ ಕೂತೆ.

"ಕುಂದಾ ಬರೆದೇ ಇಲ್ವಲ್ರೀ? ಎರಡು ಕೆ.ಜಿ. ಹಾಕಿ."