ಮೊಣಕಾಲ ಕೆಳಗಿನ ಮೂಳೆ: ಬಳಕೆದಾರರ ಕೈಪಿಡಿ
(ಶಿಕಾರಿಪುರ–ಸೊರಬ ಆವೃತ್ತಿ)

1. ಮುರಿಯುವ ವಿಧಾನ
ದೀಪಾವಳಿ ಕಳೆದ ಮೇಲೆ ಹೋರಿ ಹಬ್ಬಕ್ಕೆ ಹೋಗಿ. ಬಲೂನು, ಕೊಬ್ಬರಿ ಸರ ಕಟ್ಟಿಕೊಂಡ ಹೋರಿ ನುಗ್ಗಿ ಬರುವಾಗ ಬೇಲಿಯ ಒಳಗೇ ನಿಲ್ಲಿ. ಸರ ಸಿಗುವುದು ಅನುಮಾನ, ಮುರಿತ ಖಾತರಿ. ಹಬ್ಬ ತಪ್ಪಿಸಿಕೊಂಡವರಿಗೆ ಮಳೆಯಲ್ಲಿ ನೆನೆದ ಅಡಿಕೆ ಮರವಿದೆ.

2. ಜೋಡಣೆ
ಈ ಉಪಕರಣ ತನ್ನ ರಿಪೇರಿ ತಾನೇ ಮಾಡಿಕೊಳ್ಳುತ್ತದೆ. ಮುರಿದಲ್ಲಿ ರಕ್ತ ಹೆಪ್ಪುಗಟ್ಟಿ, ಕೆಲವು ವಾರಗಳಲ್ಲಿ ಮೆತ್ತನೆಯ ಬೆಸುಗೆ ಬಿದ್ದು, ಆಮೇಲೆ ಸುಣ್ಣ ತುಂಬಿ ಗಟ್ಟಿಯಾಗುತ್ತದೆ. ನೀವು ಒದಗಿಸಬೇಕಾದ್ದು ರಕ್ತಸಂಚಾರ, ಅಲುಗದ ಆಸರೆ, ಸಮಯ. ಮುಂಗಾಲಿನ ಮೇಲೆ ಮಾಂಸದ ಹೊದಿಕೆ ತೆಳು; ನಾಲ್ಕೈದು ತಿಂಗಳು ಹಿಡಿದರೆ ಗಾಬರಿ ಬೇಡ.

3. ನಿಧಾನಗೊಳಿಸುವ ವಿಧಾನ
ಬೀಡಿ ಸೇದಿ. ಸಕ್ಕರೆ ಕಾಯಿಲೆಯಿದ್ದರೆ ಮಾತ್ರೆ ಮರೆಯಿರಿ. ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡು, ಬೆರಳು ನೀಲಿಯಾಗಿ ಜೋಮು ಹಿಡಿದರೂ ‘ಔಷಧಿ ಹತ್ತುತ್ತಾ ಇದೆ’ ಎನ್ನಿ. (ಎಚ್ಚರಿಕೆ: ಈ ಹಂತದಲ್ಲಿ ಮೂಳೆಯಷ್ಟೇ ಅಲ್ಲ, ಕಾಲೇ ಹೋಗಬಹುದು. ಕೂಡಲೇ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಓಡಿ.)
ಮೂಳೆ ಕೂಡಲೆಂದು ತಿನ್ನುವ ಮಂಗರವಳ್ಳಿಯ ಚಟ್ನಿಗೆ ಅಡ್ಡಿಯಿಲ್ಲ. ಚೆನ್ನಾಗಿ ಹುರಿದು, ಹುಣಸೆಹುಳಿ ಧಾರಾಳ ಹಾಕಿ. ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ. ಚಟ್ನಿ ತಿಂದೆವೆಂದು ಪ್ಲಾಸ್ಟರ್ ಮಾತ್ರ ಬಿಚ್ಚಬೇಡಿ.

4. ದೋಷ ಪರಿಹಾರ
9 ತಿಂಗಳಾದರೂ ಕೂಡದೆ, ಕೊನೆಯ 3 ತಿಂಗಳು ಒಂದಿಷ್ಟೂ ಮುಂದುವರಿಯದಿದ್ದರೆ ಡಾಕ್ಟರು ಅದನ್ನು ನಾನ್‌ಯೂನಿಯನ್ ಎನ್ನುತ್ತಾರೆ. ಮೊದಲು ಒಳಗೆ ಕೀವು ಇದೆಯೇ, ಸಕ್ಕರೆ, ವಿಟಮಿನ್ ಡಿ ಎಷ್ಟಿದೆ ನೋಡಿಸಿ. ಆಮೇಲೆ ದಪ್ಪನೆಯ ಹೊಸ ರಾಡ್, ಅಥವಾ ಸೊಂಟದ ಮೂಳೆಯಿಂದ ಕೆರೆದು ತೆಗೆದ ಚೂರುಗಳ ಕಸಿ. ಮೂಳೆಯ ತುಂಡೇ ಹೋಗಿದ್ದರೆ ಸೈಬೀರಿಯಾದ ಕುರ್ಗಾನಿನಲ್ಲಿ ವೈದ್ಯ ಇಲಿಜರೋವ್ 1950ರ ದಶಕದಲ್ಲಿ ರೂಪಿಸಿದ ಬಳೆ ಚೌಕಟ್ಟು: ಮೂಳೆಯನ್ನು ಬೇರೊಂದು ಕಡೆ ಕತ್ತರಿಸಿ ದಿನಕ್ಕೆ 1 ಮಿ.ಮೀ. ಸರಿಸುವುದು, ಅದೂ ಕಾಲು ಮಿ.ಮೀ.ನಂತೆ ನಾಲ್ಕು ಕಂತಿನಲ್ಲಿ. ಸ್ಪ್ಯಾನರ್ ಮನೆಯವರ ಕೈಯಲ್ಲಿರುತ್ತದೆ. ಬೇಗ ಮುಗಿಯಲೆಂದು ಎರಡು ಸುತ್ತು ಹೆಚ್ಚು ತಿರುಗಿಸಬೇಡಿ.
ಮನೆಯಲ್ಲೇ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರಕ್ಕೆ ಅಡಿಕೆ ದುಡ್ಡು ಸುರಿಯುವ ಮುನ್ನ ಇಷ್ಟು ಓದಿ: ರಾಡ್ ಹಾಕಿಸಿಕೊಂಡ 501 ಮಂದಿಯ ಹೊಸ ಮುರಿತದ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಾಗ, ಯಂತ್ರದಿಂದ ಮೂಳೆ ಬೇಗ ಕೂಡಿದ್ದು ಕಾಣಲಿಲ್ಲ.

5. ವಾರಂಟಿ
ನೋಡಲು ಬಂದವರ ಸಲಹೆ ವಾರಂಟಿಗೆ ಒಳಪಡುವುದಿಲ್ಲ. ನೋವು ಹೋಯಿತೆಂದು ಮರುತಪಾಸಣೆಗೆ ಹೋಗುವ ಶಿವಮೊಗ್ಗದ ಬಸ್ಸು ತಪ್ಪಿಸಿದವರಿಗೂ ವಾರಂಟಿ ಅನ್ವಯಿಸದು. ಹಳೆಯ ಎಕ್ಸ್‌-ರೇ ಹಾಳೆಗಳನ್ನು ಮಕ್ಕಳಿಗೆ ಗ್ರಹಣ ನೋಡಲು ಕೊಡಬೇಡಿ. ಕಣ್ಣಿಗೂ ಕೇಡು, ಜೊತೆಗೆ, ಮೂಳೆ ಕೂಡುತ್ತಿದೆಯೋ ನಿಂತಲ್ಲೇ ನಿಂತಿದೆಯೋ ತಿಳಿಯುವುದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದಾಗಲೇ.