ಇಲಿಯ ಮರ್ಯಾದೆ ಉಳಿಸಿದ ಕರಪತ್ರ

ಕರಪತ್ರ ಬರೆಯುವ ಮಹನೀಯರಿಗೆ, ಕಾರ್ಕಳ ಕಡೆಯ ಗದ್ದೆಬದಿಯಿಂದ ನಮಸ್ಕಾರ.

ವಿಷಯ: ತಮ್ಮ ಕರಪತ್ರ ತಲುಪಿದ ಬಗ್ಗೆ.
ಉಲ್ಲೇಖ: ಅದೇ ಕರಪತ್ರ. (ಸದ್ಯ ಎಲೆ ಅಡಿಕೆ ಕಟ್ಟಲು ಬಳಕೆಯಲ್ಲಿದೆ.)

ಮಾನ್ಯರೇ,

ಮಳೆಗಾಲದ ಜೊತೆ ಉಡುಪಿ ಜಿಲ್ಲೆಗೆ ಇಲಿ ಜ್ವರವೂ ಬರುತ್ತದೆ. ಅದರ ಹಿಂದೆಯೇ ತಮ್ಮ ಕರಪತ್ರ. "ಲೆಪ್ಟೊಸ್ಪೈರೋಸಿಸ್ ಪ್ರಸರಣ ಸಾಧ್ಯತೆಯ ಹಿನ್ನೆಲೆಯಲ್ಲಿ ಸಾರ್ವಜನಿಕರು ಸೂಕ್ತ ಮುಂಜಾಗ್ರತಾ ಕ್ರಮ ಅನುಸರಿಸತಕ್ಕದ್ದು" ಎಂಬುದನ್ನು ನೇಜಿ ನೆಡುತ್ತಿದ್ದವರ ಮುಂದೆ ಗಟ್ಟಿಯಾಗಿ ಓದಿದೆ. ಕೆಸರಲ್ಲಿ ಬಗ್ಗಿದ್ದ ನೆರೆಮನೆಯ ಅಕ್ಕ ಬೆನ್ನು ನೆಟ್ಟಗೆ ಮಾಡಿ, "ಎಷ್ಟು ಗಂಟೆಗಂತೆ ಕರೆಂಟ್ ತೆಗೆಯುವುದು?" ಎಂದು ಕೇಳಿದರು.

ಅವರ ಹಿಮ್ಮಡಿ ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿತ್ತು. ಇಲಿಯ ಮೂತ್ರ ಬೆರೆತ ನೀರಿನಿಂದ ರೋಗಾಣು ಒಳಹೋಗುವ ಬಾಗಿಲು ಅದೇ. ಕರಪತ್ರದಲ್ಲಿ ಹಿಮ್ಮಡಿ ಇರಲಿಲ್ಲ. ಮೂತ್ರವೂ ಇರಲಿಲ್ಲ, ಬಹುಶಃ ಸಭ್ಯತೆಗಾಗಿ. ಇಲಿಯಂತೂ ಇಲ್ಲವೇ ಇಲ್ಲ. ಅದರ ಮರ್ಯಾದೆ ಉಳಿಯಿತು.

ತಮ್ಮ ಕಷ್ಟ ನನಗೆ ತಿಳಿಯುತ್ತದೆ. 'ಇಲಿ ಜ್ವರ' ಎಂದು ಬರೆದರೆ ಎಲ್ಲರಿಗೂ ಅರ್ಥವಾಗುವ ಅಪಾಯವಿದೆ. ತುಳುವಿನ 'ಎಲಿ'ಗೆ ಒಂದೇ ಅಕ್ಷರ ದೂರ. ಸುದ್ದಿ ಕಾಪುವಿನ ಮೀನಿನ ಬುಟ್ಟಿಯವರೆಗೂ ಹೋದೀತು. ತಮ್ಮ ಭಾಷೆ ಮಣಿಪಾಲದ ಡಾಕ್ಟರರಿಗೆ ಸಲೀಸು. ಆದರೆ ಅಲ್ಲಿ 1953ರಿಂದಲೇ ಮೆಡಿಕಲ್ ಕಾಲೇಜಿದೆ, ಅವರಿಗೆ ಕರಪತ್ರ ಬೇಕಿಲ್ಲ.

ಡೆಂಗ್ಯೂ ಬಗ್ಗೆ 'ಲಾರ್ವಾ ಉತ್ಪತ್ತಿ ತಾಣಗಳ ನಿರ್ಮೂಲನೆ' ಎಂದಿರಿ. ಯಾವುದೋ ಕಾರ್ಖಾನೆ ಇರಬೇಕೆಂದು ರಬ್ಬರ್ ತೋಟದವರು ಸುಮ್ಮನಾದರು. ಅವರ ಮರಮರಕ್ಕೆ ಹಾಲಿಗೆಂದು ಕಟ್ಟಿದ ಗೆರಟೆಯಲ್ಲೂ ಮಳೆನೀರು ನಿಂತಿದೆ. ವಾರ ಹತ್ತು ದಿನದಲ್ಲಿ ಅಲ್ಲಿಂದ ಸೊಳ್ಳೆ ಏಳುತ್ತದೆ.

ಯಕ್ಷಗಾನದ ಪ್ರಚಾರದ ಜೀಪನ್ನು ಒಮ್ಮೆ ಕೇಳಿ. ಯಾವ ಮೇಳ, ಯಾವ ಪ್ರಸಂಗ, ಎಲ್ಲಿ, ಎಷ್ಟು ಗಂಟೆಗೆ: ಜೀಪು ತಿರುವು ದಾಟುವುದರೊಳಗೆ ಊರಿಗೇ ಬಾಯಿಪಾಠ. ಅದನ್ನೂ ತಾವೇ ಬರೆದಿದ್ದರೆ ಬಯಲಲ್ಲಿ ಚೆಂಡೆಯವರು ಮಾತ್ರ ಇರುತ್ತಿದ್ದರು.

ಇಲ್ಲಿಯೂ ಅಷ್ಟೇ ಸಾಕು. ಕಾಲು ಒಡೆದಿದ್ದರೆ ಬೂಟಿಲ್ಲದೆ ಕೆಸರಿಗಿಳಿಯಬೇಡಿ. ಇಳಿದ 5ರಿಂದ 14 ದಿನಗಳಲ್ಲಿ ಜ್ವರ ಬಂದು, ಮೀನಖಂಡ ನೋವಾಗಿ, ಕಣ್ಣು ಕೆಂಪಾದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ "ಗದ್ದೆಗೆ ಇಳಿದಿದ್ದೆ" ಎನ್ನಿ. ಬೇಗ ಗೊತ್ತಾದರೆ ಮದ್ದಿದೆ. ತಡವಾದರೆ ಕಿಡ್ನಿಗೂ ಲಿವರಿಗೂ ಪೆಟ್ಟು.

ಮುಂದಿನ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಆ ಅಕ್ಕನ ಮುಂದೆ ಒಮ್ಮೆ ಓದಿ. ಅವರು ಕರೆಂಟಿನ ಸುದ್ದಿ ಕೇಳದೆ ತಮ್ಮ ಹಿಮ್ಮಡಿ ನೋಡಿಕೊಂಡರೆ ಮಾತ್ರ ಅಚ್ಚು ಹಾಕಿಸಿ.

ಇಂತಿ,
ತಮ್ಮ 'ಸಾರ್ವಜನಿಕರು'ಗಳಲ್ಲಿ ಒಬ್ಬ