ಬಿಟ್ಟಿ ಬಸ್ಸು, ಬಿಟ್ಟಿ ಸಿಲಿಂಡರು

(2024ರ ಮೇ 7ರ ಲೋಕಸಭಾ ಮತದಾನಕ್ಕೆ ಮುನ್ನ, ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲೊಂದು ಕಲ್ಪಿತ ಸಂವಾದ)

ಬಿಜೆಪಿ ವಕ್ತಾರ: ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳೆಂಬ ಬಿಟ್ಟಿ ಭಾಗ್ಯಗಳಿಂದ ರಾಜ್ಯ ದಿವಾಳಿ!

ಮತದಾರ: ಇರಬಹುದು ಸ್ವಾಮಿ. ಆದರೆ 2023ರ ವಿಧಾನಸಭಾ ಚುನಾವಣೆಗೆ ತಮ್ಮದೇ ಪ್ರಣಾಳಿಕೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕೊಡುತ್ತೇವೆಂದಿತ್ತು. ಮಧ್ಯಪ್ರದೇಶದಲ್ಲಿ ತಮ್ಮ ಸರ್ಕಾರವೇ ‘ಲಾಡ್ಲಿ ಬೆಹನಾ’ ಎಂದು ಹೆಂಗಸರ ಖಾತೆಗೆ ತಿಂಗಳಿಗೊಮ್ಮೆ ದುಡ್ಡು ಹಾಕುತ್ತಿದೆ. ಅಂದಮೇಲೆ ಕೊಡುವುದು ತಪ್ಪಲ್ಲ, ಗೆದ್ದವರು ಕೊಟ್ಟದ್ದು ತಪ್ಪು!

ವಕ್ತಾರ: ರಸ್ತೆ, ಸೇತುವೆಗೆ ಹಣವೆಲ್ಲಿ?

ಮತದಾರ: ನ್ಯಾಯವಾದ ಪ್ರಶ್ನೆ, ಗ್ಯಾರಂಟಿ ಸರ್ಕಾರ ಲೆಕ್ಕ ಕೊಡಲೇಬೇಕು. ಆದರೆ 2019ರಲ್ಲಿ ಕೇಂದ್ರ ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಹೇಳಿತ್ತು. ಆಗ ಯಾರಿಗೂ ಸೇತುವೆಯ ನೆನಪಾಗಲಿಲ್ಲ. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ 2023ರ ಜೂನ್ 11ರಿಂದ ಟಿಕೆಟ್ಟಿನ ದುಡ್ಡು ಉಳಿಸುತ್ತಿರುವ ಮೀನು ಮಾರುವಾಕೆ ಅದನ್ನು ಅಂಕೋಲೆಯ ಪೇಟೆಯಲ್ಲೇ ಖರ್ಚು ಮಾಡುತ್ತಾಳೆ, ವಿದೇಶದಲ್ಲಲ್ಲ.

ವಕ್ತಾರ: ಗಂಡಸರಿಗೆ ಸೀಟೇ ಇಲ್ಲವಲ್ಲ!

ಮತದಾರ: ಹಾಗಾದರೆ ಬಸ್ಸು ಹೆಚ್ಚಿಸಿ ಎಂದು ಹೋರಾಡಿ, ವಿರೋಧ ಪಕ್ಷ ಇರುವುದೇ ಅದಕ್ಕೆ. ಹೆಂಗಸರನ್ನು ಕೆಳಗಿಳಿಸುವುದು ಯಾವ ಆರ್ಥಿಕ ನೀತಿ?